ನನಗಿಂತ ಮೊದಲು ಹೊರಟ ಪೆಟ್ಟಿಗೆ

ಬಿ.ಇ. ಪಾಸಾದವನು ಕೆಲಸ ಹುಡುಕಬೇಕಾಗಿಲ್ಲ, ಕೆಲಸವೇ ಅವನನ್ನು ಹುಡುಕಿಕೊಂಡು ಬರುತ್ತದೆ ಎಂದು ಆ ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿದೆ. ನಂಬಿ ರಾಜಾಜಿನಗರದ ನಮ್ಮ ಮನೆಯ ಜಗಲಿಯ ಮೇಲೆ ಕೂತೆ. ವರ್ಷ ಕಳೆಯಿತು. ಕೆಲಸ ಬರಲಿಲ್ಲ!

ಅದನ್ನು ಬಯ್ದೂ ಪ್ರಯೋಜನವಿಲ್ಲ. ಐವತ್ತರ ದಶಕದಲ್ಲಿ ನಮ್ಮ ಬಡಾವಣೆ ಎಂದರೆ ಅಲ್ಲೊಂದು ಇಲ್ಲೊಂದು ಮನೆ, ಅರ್ಧಕ್ಕೆ ನಿಂತ ಗೋಡೆಗಳು, ಮಿಕ್ಕಿದ್ದೆಲ್ಲ ಲಂಟಾನದ ಪೊದೆ. ಅಂಚೆಯವನೇ ದಾರಿ ತಪ್ಪುತ್ತಿದ್ದ. ಕೆಲಸ ಪಾಪ, ಯಾರನ್ನು ಕೇಳಿಕೊಂಡು ಬರಬೇಕು?

ನನ್ನ ಜೊತೆ ಓದಿದವರಿಗೆಲ್ಲ ಒಂದೊಂದು ದಾರಿ ಸಿಕ್ಕಿತ್ತು. ಒಬ್ಬ ಅಣೆಕಟ್ಟಿನ ಕೆಲಸಕ್ಕೆ ಸೇರಿ, ಕಾಡಿನ ಕ್ಯಾಂಪಿನಲ್ಲಿ ಮಲೇರಿಯಾ ಹಿಡಿಸಿಕೊಂಡು ನಡುಗುತ್ತಿದ್ದ. ನಡುಗಿದರೂ ಸಂಬಳದವನು. ಇನ್ನೊಬ್ಬ ರೈಲ್ವೆ ಸೇರಿ ಬೊಂಬಾಯಿಗೆ ಹೋದ. ಪರೀಕ್ಷೆಯಲ್ಲಿ ನನ್ನ ಉತ್ತರ ನೋಡಿ ಬರೆಯುತ್ತಿದ್ದ ಮತ್ತೊಬ್ಬ, ಕಂಟ್ರಾಕ್ಟರೊಬ್ಬರ ಮಗಳನ್ನು ಮದುವೆಯಾಗಿ, ಮಾವನ ಲಾರಿಗಳ ನಡುವೆ ನಿಂತು ಕೂಗಾಡುವ ಉದ್ಯೋಗ ಹಿಡಿದಿದ್ದ. ನನಗೂ ಉದ್ಯೋಗ ಇರಲಿಲ್ಲ ಎನ್ನುವಂತಿಲ್ಲ. ನನ್ನದು ಮೆಕ್ಯಾನಿಕಲ್ ವಿಭಾಗವಾದ್ದರಿಂದ ಬೀದಿಯ ಸೀಮೆಎಣ್ಣೆ ಸ್ಟೌಗಳು, ಹೊಲಿಗೆ ಯಂತ್ರಗಳು, ನಿಂತುಹೋದ ಗಡಿಯಾರಗಳು ನಮ್ಮ ಜಗಲಿಗೆ ಬರುತ್ತಿದ್ದವು. ಕೆಟ್ಟು ಬರುತ್ತಿದ್ದವು, ಇನ್ನಷ್ಟು ಕೆಟ್ಟು ಹೋಗುತ್ತಿದ್ದವು. ಎದುರುಮನೆಯ ಪೆನ್ಷನ್ ಶಾಮಣ್ಣನವರು ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಬೇಲಿಯ ಹತ್ತಿರ ನಿಂತು, "ಏನಪ್ಪಾ ಇಂಜಿನಿಯರ್, ಆರ್ಡರ್ ಬಂತೇ?" ಎಂದು ಕೇಳುವರು. "ಇನ್ನೂ ಇಲ್ಲ ಸಾರ್" ಎನ್ನುವೆ. ಅವರು ಬಾಯಿ ಮುಕ್ಕಳಿಸಿ ಒಳಗೆ ಹೋಗುವರು.

ಇಲ್ಲಿಯವರೆಗೆ ನಗಬಹುದು. ಅಪ್ಪನ ವಿಷಯಕ್ಕೆ ಬಂದರೆ ನಗು ಬರುವುದಿಲ್ಲ. ಅಪ್ಪ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಹತ್ತಿಯ ಧೂಳು ಕುಡಿದೂ ಕುಡಿದೂ ಎದೆ ಹಾಳಾಗಿತ್ತು. ಅವರು ಕೆಮ್ಮಲು ಶುರು ಮಾಡಿದರೆ ಅಮ್ಮ ಮಾಡುತ್ತಿದ್ದ ಕೆಲಸ ನಿಲ್ಲಿಸಿ, ಕೆಮ್ಮು ಮುಗಿಯುವ ತನಕ ಗೋಡೆ ನೋಡುತ್ತಾ ನಿಲ್ಲುತ್ತಿದ್ದಳು. ಆಸ್ಪತ್ರೆಯ ಡಾಕ್ಟರು, "ಮಿಲ್ಲು ಬಿಡಬೇಕು. ಅದೇ ಔಷಧಿ" ಎಂದಿದ್ದರು. ಅಪ್ಪ, "ಬಿಡ್ತೀನಿ ಸಾರ್. ಮಗ ಇಂಜಿನಿಯರ್ರು. ಅವನಿಗೊಂದು ಆರ್ಡರ್ ಬಂದ್ಬಿಡ್ಲಿ" ಎಂದು ಹೇಳಿ ಬಂದಿದ್ದರು. ನನಗೆ ಕೆಲಸ ಸಿಗುವ ತನಕ ಅಪ್ಪನಿಗೆ ಔಷಧಿ ಇಲ್ಲ. ಇದು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳದ, ಎಲ್ಲರಿಗೂ ಗೊತ್ತಿದ್ದ ಮಾತು.

ಅಂಥ ಹೊತ್ತಿನಲ್ಲಿ ಸಂದರ್ಶನದ ಪತ್ರ ಬಂತು! ಊರಿನ ಮೂಡಲ ಕಡೆ ಹೊಸದಾಗಿ ಎದ್ದಿದ್ದ ದೊಡ್ಡ ಕಾರ್ಖಾನೆಯದು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮೂಲ ಸರ್ಟಿಫಿಕೇಟುಗಳೊಂದಿಗೆ ತಪ್ಪದೆ ಹಾಜರಾಗತಕ್ಕದ್ದು ಎಂದಿತ್ತು. ಅಪ್ಪ ಪತ್ರವನ್ನು ಕೈಗೆ ತೆಗೆದುಕೊಂಡು, ಓದಲು ಬಾರದ ಇಂಗ್ಲಿಷಿನ ಮೇಲೆ ಬೆರಳಾಡಿಸಿದರು. ಸೋಮವಾರ ಮಿಲ್ಲಿಗೆ ರಜೆ ಹಾಕುವುದಾಗಿ ಹೇಳಿದರು. ನನಗೆ ತಿಳಿದಂತೆ ಜ್ವರವಿಲ್ಲದೆ ಅವರು ಹಾಕಿದ ಮೊದಲ ರಜೆ ಅದು.

ಅಮ್ಮ ಪತ್ರವನ್ನು ನೋಡಲಿಲ್ಲ. ಪಂಚಾಂಗ ನೋಡಿಸಲು ಜೋಯಿಸರ ಮನೆಗೆ ಹೋದಳು. ಬರುವಾಗ ಮುಖ ಕಪ್ಪಿಟ್ಟಿತ್ತು.

"ಸೋಮವಾರ ಮೂಡಲಕ್ಕೆ ಶೂಲ ಕಣೋ ಸೀನ! ಆ ದಿಕ್ಕಿಗೆ ಹೊರಟರೆ ಹೋದ ಕೆಲಸ ಆಗಲ್ವಂತೆ."

"ಅದಕ್ಕೇನು ಮಾಡೋಣಮ್ಮ? ಕಾರ್ಖಾನೇನ ಪಡುವಲಕ್ಕೆ ಎತ್ತಿಡಿ ಅಂತ ಬರೆಯೋಣ್ವಾ?"

"ಕಾರ್ಖಾನೆ ಇದ್ದಲ್ಲೇ ಇರ್ಲಿ. ಭಾನುವಾರಾನೇ ಪರಸ್ತಾನ ಇಟ್ಬಿಡೋಣ."

ಪ್ರಸ್ಥಾನ ಇಡುವುದು ಎಂದರೇನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಹಿಂದಿನ ದಿನವೇ ಒಳ್ಳೆಯ ಗಳಿಗೆ ನೋಡಿ ನಮ್ಮದೊಂದು ವಸ್ತುವನ್ನು, ನಾವು ಹೋಗುವ ದಿಕ್ಕಿನಲ್ಲಿರುವ ಬೇರೊಬ್ಬರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ನಾವು ಶಾಸ್ತ್ರಪ್ರಕಾರ ಹೊರಟ ಹಾಗಾಯಿತು. ಮಾರನೆಯ ದಿನ ಅದನ್ನು ಅಲ್ಲಿಂದಲೇ ಎತ್ತಿಕೊಂಡು ಮುಂದೆ ಹೋಗಬೇಕು. ಅದು ವಾಪಸು ಮನೆಗೆ ಬರಕೂಡದು. ಮನೆಯಿಂದ ಕಾಲು ಹೊರಗಿಟ್ಟವನೂ ಕೆಲಸ ಮುಗಿಯದೆ ಹೊಸ್ತಿಲು ದಾಟಿ ಒಳಗೆ ಬರಕೂಡದು.

ಎಲ್ಲರೂ ಒಂದು ಪಂಚೆಯನ್ನೋ ಒಂದು ಹಿಡಿ ಅಕ್ಕಿಯ ಗಂಟನ್ನೋ ಇಡುತ್ತಾರೆ. ನಮ್ಮಮ್ಮ ತಗಡಿನ ಪೆಟ್ಟಿಗೆ ತಂದು ನನ್ನ ಕರಿ ಕೋಟು, ಪ್ಯಾಂಟು, ಒಳ್ಳೆಯ ಶರಟು, ಟೈ, ಬೂಟು ಎಲ್ಲವನ್ನೂ ಅದರಲ್ಲಿ ತುಂಬಿದಳು. ಮೇಲೆ ಡಿಗ್ರಿ ಸರ್ಟಿಫಿಕೇಟು ಇಟ್ಟು ಅರಿಶಿನ ಕುಂಕುಮ ಹಚ್ಚಿದಳು.

"ಇಷ್ಟೆಲ್ಲ ಯಾಕಮ್ಮ? ಟೈ ಒಂದಿಟ್ರೆ ಸಾಲ್ದಾ?"

"ಅರ್ಧಂಬರ್ಧ ಇಟ್ರೆ ಅರ್ಧಂಬರ್ಧ ಕೆಲಸ ಸಿಗತ್ತೆ. ಸುಮ್ನಿರು."

ನಾನು ವೈಜ್ಞಾನಿಕ ಮನೋಭಾವದವನು. ಪೆಟ್ಟಿಗೆಯೊಂದು ಪಕ್ಕದ ಮನೆಯಲ್ಲಿ ರಾತ್ರಿ ಕಳೆದರೆ ಯಂತ್ರಶಾಸ್ತ್ರದ ಯಾವ ನಿಯಮಕ್ಕೂ ಭಂಗ ಬರುವುದಿಲ್ಲವೆಂದು ಕೂಲಂಕಷವಾಗಿ ಪರಿಶೀಲಿಸಿ ನನ್ನ ಒಪ್ಪಿಗೆಯನ್ನು ದಯಪಾಲಿಸಿದೆ.

ನಮ್ಮ ಮನೆಯಿಂದ ಮೂಡಲಕ್ಕೆ ಇದ್ದ ಮೊದಲ ಸಂಸಾರ ಹೊನ್ನಮ್ಮನದು. ಹೇರೋಹಳ್ಳಿಯ ಒಕ್ಕಲು ಮನೆತನ. ಅತ್ತೆ, ಮೈದುನ, ಹೊಲ ಎಲ್ಲ ಅಲ್ಲೇ. ಹೊನ್ನಮ್ಮ ಗಂಡನ ಜೊತೆ ಇಲ್ಲಿಗೆ ಬಂದು ಎಮ್ಮೆ ಕಟ್ಟಿಕೊಂಡು ಬೀದಿಗೆಲ್ಲ ಹಾಲು ಹಾಕುತ್ತಿದ್ದಳು. ಭಾನುವಾರ ಪೆಟ್ಟಿಗೆ ಹೊತ್ತು ಹೋದಾಗ ಅವಳು ಕಾಲು ತೊಳೆದುಕೊಂಡು ಬಂದು ಎರಡೂ ಕೈಯಲ್ಲಿ ಇಸಿದುಕೊಂಡಳು. "ನಮ್ ಸೀನಪ್ಪ ಆಪೀಸರ್ ಆಗೋ ಪೆಟ್ಗೆ! ದೇವರ ಮುಂದೆ ಮಡಗ್ತೀನಿ ಕಣವ್ವ" ಎಂದಳು. ಅಮ್ಮ ಅಂದು ಬಹಳ ದಿನಗಳ ಮೇಲೆ ನಿಶ್ಚಿಂತೆಯಾಗಿ ಮಲಗಿದಳು.

ಸೋಮವಾರ ಬೆಳಿಗ್ಗೆ ತಲೆಗೆ ಎರೆದುಕೊಂಡು, ಮೊಸರು ಸಕ್ಕರೆ ತಿಂದು, ಅಪ್ಪನ ಕಾಲಿಗೆ ನಮಸ್ಕಾರ ಮಾಡಿದೆ. ಅಮ್ಮ ಶಕುನಕ್ಕೆಂದು ತುಂಬಿದ ಕೊಡ ಹಿಡಿದು ಎದುರಿಗೆ ಬಂದಳು. ಕೋಟು ಪ್ಯಾಂಟನ್ನು ಹೊನ್ನಮ್ಮನ ಮನೆಯಲ್ಲೇ ಹಾಕಿಕೊಳ್ಳುವುದೆಂದು ತೀರ್ಮಾನವಾಗಿದ್ದರಿಂದ ಹಳೆಯ ಪಂಚೆ, ಅರ್ಧ ತೋಳಿನ ಶರಟು, ಬರಿಗಾಲು. ಈ ವೇಷದಲ್ಲಿ ಭಾವೀ ಇಂಜಿನಿಯರು ಮೂಡಣಾಭಿಮುಖನಾಗಿ ಹೊರಟು ಹೊನ್ನಮ್ಮನ ಬಾಗಿಲ ಮುಂದೆ ನಿಂತ.

ಬಾಗಿಲಿಗೆ ಬೀಗ!

"ಹೊನ್ನಮ್ಮಾ" ಎಂದು ಕೂಗಿದೆ. ಹಿತ್ತಲಿನ ಎಮ್ಮೆ ಓಗೊಟ್ಟಿತು. ಶಾಮಣ್ಣನವರು ಹಲ್ಲುಪುಡಿಯ ಬಾಯಲ್ಲೇ ಬೇಲಿಗೆ ಬಂದರು.

"ಅವರಿಲ್ಲಪ್ಪ. ಬೆಳಗಿನ ಜಾವ ಹೇರೋಹಳ್ಳಿಯಿಂದ ಗಾಡಿ ಬಂತು. ಹೊನ್ನಮ್ಮನ ಅತ್ತೆ ಹೋಗ್ಬಿಟ್ಟರಂತೆ. ಗಂಡ ಹೆಂಡ್ತಿ ಅಳ್ತಾ ಗಾಡಿ ಹತ್ತಿದ್ರು."

"ನನ್ನ ಪೆಟ್ಟಿಗೆ ಸಾರ್?"

"ಪೆಟ್ಟಿಗೆ ಸುದ್ದಿ ನಂಗೊತ್ತಿಲ್ಲ. ಗಾಡೀಲಂತೂ ಪೆಟ್ಟಿಗೆ ಇರ್ಲಿಲ್ಲ."

ಅಂದರೆ ಒಳಗಿದೆ. ಪ್ಯಾಂಟು ಒಳಗೆ, ಸರ್ಟಿಫಿಕೇಟು ಒಳಗೆ, ಅಪ್ಪನ ಔಷಧಿಯೂ ಒಳಗೆ. ಆದರೆ ನಾನು ಓದಿದವನು. ಬೀಗ ಎಂದರೇನು? ಒಂದು ಸ್ಪ್ರಿಂಗು, ಕೆಲವು ಸನ್ನೆಗಳು. ಈ ಕ್ಷುಲ್ಲಕ ಯಂತ್ರದ ಒಳಮರ್ಮವನ್ನು ಶಾಮಣ್ಣನವರಿಗೆ ಸವಿಸ್ತಾರವಾಗಿ ವಿವರಿಸಿ, ಬೇಲಿಯ ತಂತಿಯೊಂದನ್ನು ಮುರಿದು, ಬಗ್ಗಿಸಿ, ಬೀಗದ ಕಣ್ಣಿಗೆ ತೂರಿಸಿ ತಿರುಗಿಸಿದೆ. ಟಕ್ ಎಂದು ಸದ್ದಾಯಿತು.

"ಬಂತಾ?" ಎಂದರು ಶಾಮಣ್ಣನವರು.

"ಬಂತು ಸಾರ್." ಬಂದಿದ್ದು ಅರ್ಧ ತಂತಿ. ಮಿಕ್ಕರ್ಧ ಬೀಗದೊಳಗೆ ಮುರಿದು ಕೂತಿತ್ತು. ಇನ್ನು ಅದಕ್ಕೆ ನಿಜವಾದ ಬೀಗದ ಕೈಯೂ ಹೋಗುವಂತಿರಲಿಲ್ಲ.

"ನಾಲ್ಕು ವರ್ಷ ಇದನ್ನೇ ಕಲಿಸಿದ್ರೇನಪ್ಪಾ?" ಎಂದು ಅವರು ಮನಸಾರೆ ನೊಂದುಕೊಂಡು ಕೇಳಿದರು.

ಬಾಗಿಲು ಒಡೆಯೋಣವೆಂದರೆ ಸಾವಿನ ಮನೆಯವರ ಬಾಗಿಲು. ಯಜಮಾನರನ್ನು ಕೇಳದೆ ಹೇಗೆ ಒಡೆಯುವುದು? ಹೇರೋಹಳ್ಳಿಗೆ ಹೋಗಿ ಹೇಳಿ ಬರಬೇಕು. ಹೇರೋಹಳ್ಳಿ ಪಡುವಲಕ್ಕೆ, ಕಾರ್ಖಾನೆ ಮೂಡಲಕ್ಕೆ! ಸೈಕಲ್ಲಿಗಾಗಿ ಮನೆಯತ್ತ ಓಡಿದೆ. ಗೇಟಿಗೆ ಕೈ ಹಾಕುವಷ್ಟರಲ್ಲಿ ಅಮ್ಮ ಚೀರಿದಳು.

"ಒಳಗೆ ಕಾಲಿಡಬೇಡ! ಹೊರಟವನು ವಾಪಸ್ ಬರಬಾರ್ದು!"

ಬೀದಿಯಲ್ಲಿ ನಿಂತು ಇದ್ದುದನ್ನೆಲ್ಲ ಕೂಗಿ ಹೇಳಿದೆ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ತಮ್ಮ ಸೈಕಲ್ಲನ್ನು ಬೇಲಿಯ ಮೇಲಿಂದ ಎತ್ತಿ ನನ್ನತ್ತ ದಾಟಿಸಿದರು. ಅಷ್ಟಕ್ಕೇ ಉಸಿರು ಮೇಲೆ ಬಂತು.

"ನಾನು ಹೋಗಿ ಬರ್ತೀನಿ ಕಣೋ, ನೀನು ಇಲ್ಲೇ ನಿಂತಿರು" ಎಂದರು ಕೆಮ್ಮುತ್ತಾ.

"ನೀವು ಕೂತ್ಕೊಳ್ಳಿ ಅಪ್ಪ. ಹೀಗೆ ಹೋಗಿ ಹಾಗೆ ಬರ್ತೀನಿ."

ನನಗೆ ನಿಜವಾಗಿ ಹಾಗೆಯೇ ಅನಿಸಿತ್ತು. ಸಂದರ್ಶನಕ್ಕೆ ಬಹಳ ಜನ ಬಂದಿರುತ್ತಾರೆ, ನನ್ನ ಸರದಿ ಬರುವಾಗ ಮಧ್ಯಾಹ್ನವಾಗುತ್ತದೆ ಎಂದು ಲೆಕ್ಕ ಹಾಕಿಕೊಂಡು ಮಾಗಡಿ ರಸ್ತೆಯಲ್ಲಿ ಪೆಡಲ್ ತುಳಿದೆ. ಹಿಂದಿನ ವಾರದ ಮಳೆಗೆ ರಸ್ತೆಯೆಲ್ಲ ಕೆಂಪು ರಾಡಿ. ಹೇರೋಹಳ್ಳಿ ಸೇರುವಾಗ ಪಂಚೆ ಮೊಳಕಾಲಿನವರೆಗೆ ಕೆಂಪಾಗಿತ್ತು.

ಸಾವಿನ ಮನೆಗೆ ಹೋಗಿ ಬೀಗದ ಮಾತಾಡುವುದು ಹೇಗೆ? ದಾರಿಯುದ್ದಕ್ಕೂ ಒಂದು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ. ಆದರೆ ನನ್ನನ್ನು ಕಂಡದ್ದೇ ತಡ, ಶವದ ಪಕ್ಕ ಕೂತಿದ್ದ ಹೊನ್ನಮ್ಮ ಎದೆ ಬಡಿದುಕೊಂಡು ಎತ್ತರದ ದನಿಯಲ್ಲಿ ಹಾಡಿಕೊಂಡು ಅಳತೊಡಗಿದಳು.

"ಬಂದ್ಯೇನಪ್ಪಾ ನನ್ನ ಸೀನಪ್ಪಾ! ಕೆಲಸ ಬುಟ್ಟು ಬಂದ್ಯೇನಪ್ಪಾ! ಅತ್ತೆವ್ವಾ ಕಣ್ಬುಡು, ಇಂಜಿನೇರಪ್ಪ ಬಂದವ್ನೆ ನೋಡು!"

ಕೂತಿದ್ದ ಹೆಂಗಸರೆಲ್ಲ ತಿರುಗಿ ನೋಡಿ ಇನ್ನಷ್ಟು ಅತ್ತರು. ಹೊನ್ನಮ್ಮನ ಮೈದುನ, ಆ ಮನೆಯ ಯಜಮಾನ ಹನುಮಯ್ಯ ಬಂದು ನನ್ನ ಕೈ ಹಿಡಿದುಕೊಂಡ. "ಎಷ್ಟು ಓದಿದ್ರೂ ಹೆಂಗ್ ಬಂದವ್ರೆ ನೋಡ್ರಪ್ಪಾ! ಪಂಚೆ ಉಟ್ಕಂಡು, ಬರಿಗಾಲಲ್ಲಿ. ಮಣ್ಣಿಗೆ ಬರೋದು ಅಂದ್ರೆ ಇದು" ಎಂದು ಸುತ್ತಲಿನವರಿಗೆ ತೋರಿಸಿದ. ಪ್ಯಾಂಟಿದ್ದಿದ್ದರೆ ಹಾಕಿಕೊಂಡೇ ಬರುತ್ತಿದ್ದೆ ಎಂದು ಆ ಗಳಿಗೆಯಲ್ಲಿ ಯಾವ ಬಾಯಲ್ಲಿ ಹೇಳಲಿ?

"ಹೊನ್ನಮ್ಮಾ, ನಿಮ್ಮನೆ ಬೀಗ..." ಎಂದು ಮೆಲ್ಲಗೆ ತೊಡಗಿದೆ.

"ಮನೆ ಬೀಗ ಬಿದ್ದೋಯ್ತು ಕಣಪ್ಪಾ! ನಮ್ಮತ್ತೆವ್ವ ಹೋದ್ಮೇಲೆ ಈ ಮನೆಗೆ ಬೀಗ ಬಿದ್ದಂಗೇ ಕಣಪ್ಪಾ!" ಎಂದು ಅವಳು ಮತ್ತೆ ಹಾಡಿದಳು.

ಹನುಮಯ್ಯ ನನ್ನನ್ನು ಚಾಪೆಯ ಮೇಲೆ, ಹಿರಿಯರ ಸಾಲಿನಲ್ಲಿ ಕೂರಿಸಿದ. ವರ್ಷದಿಂದ ನನಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಏಳಬೇಕು ಏಳಬೇಕು ಎಂದುಕೊಂಡೇ ಕೂತಿದ್ದೆ. ಬಿಸಿಲು ಏರುತ್ತಿತ್ತು. ಅಲ್ಲಿ ಗೇಟಿನ ಬಳಿ ಅಪ್ಪ ನಿಂತಿರುತ್ತಾರೆ ಎಂದು ನೆನೆದಾಗಲೆಲ್ಲ ತಲೆ ತಗ್ಗಿಸಿ ಮುಖ ಒರೆಸಿಕೊಳ್ಳುತ್ತಿದ್ದೆ. ಆಚೀಚೆ ಕೂತವರು ಅದನ್ನು ಅಜ್ಜಿಗಾಗಿ ಪಟ್ಟ ದುಃಖವೆಂದು ತಿಳಿದು ನನ್ನ ಬೆನ್ನು ಸವರಿದರು.

ಚಟ್ಟ ಎತ್ತುವ ಹೊತ್ತಿಗೆ ಹೊಸ ಸಮಸ್ಯೆ ಎದುರಾಯಿತು. ಮಣ್ಣು ಮಾಡಬೇಕಾದ ಹೊಲ ಕೆರೆಕೋಡಿಯ ಆಚೆಗಿತ್ತು. ಕಾಲುವೆಗೆ ಅಡ್ಡಲಾಗಿ ಹಳೆಯ ತೆಂಗಿನ ದಿಮ್ಮಿಗಳೆರಡನ್ನು ಜೋಡಿಸಿ ಹಾಕಿದ್ದರು. ಮಳೆಯಲ್ಲಿ ನೆನೆದು ಕರ್ರಗಾಗಿದ್ದವು. ಹೊರುವವರು ನಿಂತರು. ಹನುಮಯ್ಯ ಜನರನ್ನು ಸರಿಸಿ ನನ್ನನ್ನು ಮುಂದಕ್ಕೆ ಕರೆದ.

"ಇಂಜಿನೇರ್ ಸಾಮಿ, ನೀವೇ ಹೇಳ್ಬುಡಿ. ತಡೀತದಾ?"

ಓದು ಮುಗಿದ ಮೇಲೆ ಒಬ್ಬ ಮನುಷ್ಯ ನನ್ನ ವಿದ್ಯೆಯ ಸಲಹೆ ಕೇಳಿದ್ದು ಅದೇ ಮೊದಲು. ಇದು ಸಿವಿಲ್‌ನವರ ವಿಷಯ, ನನ್ನದು ಮೆಕ್ಯಾನಿಕಲ್ ಎಂದು ಹೇಳಬಹುದಿತ್ತು. ಹೇಳುವ ವಿನಯ ಬರಲಿಲ್ಲ. ದಿಮ್ಮಿಯನ್ನು ಗುದ್ದಿ ನೋಡಿದೆ. ಕಣ್ಣು ಕಿರಿದು ಮಾಡಿ ಅದರ ಉದ್ದವನ್ನು ಅಳೆದೆ. ಗಲ್ಲದ ಮೇಲೆ ಬೆರಳಿಟ್ಟು ಆಕಾಶ ನೋಡಿದೆ. ಊರಿಗೆ ಊರೇ ಉಸಿರು ಬಿಗಿ ಹಿಡಿದು ನಿಂತಿತ್ತು.

"ನಿಸ್ಸಂಶಯವಾಗಿ ತಡೆಯುತ್ತದೆ" ಎಂದೆ.

ಚಟ್ಟ ದಾಟಿತು. ಹೊತ್ತವರು ದಾಟಿದರು. ತಮಟೆಯವರು, ಹಿರಿಯರು, ಊರಿನ ಗಂಡಸರೆಲ್ಲ ದಾಟಿದರು. ಎಲ್ಲರನ್ನೂ ಸುರಕ್ಷಿತವಾಗಿ ಆಚೆ ಕಳಿಸಿ, ಜವಾಬ್ದಾರಿಯುತ ಇಂಜಿನಿಯರು ಕೊನೆಗೆ ದಿಮ್ಮಿಯ ಮೇಲೆ ಕಾಲಿಟ್ಟ. ನಡುಮಧ್ಯಕ್ಕೆ ಬಂದಾಗ ದಿಮ್ಮಿ ಮುರಿಯಿತು. ಹೆಣ ದಾಟಿತು, ಇಂಜಿನಿಯರ್ ದಾಟಲಿಲ್ಲ!

ಸೊಂಟದವರೆಗೆ ಕೆಸರಿನಲ್ಲಿ ಹೂತುಹೋಗಿದ್ದವನನ್ನು ನಾಲ್ಕು ಜನ ಹಿಡಿದು ಎಳೆದರು. ಅಳುತ್ತಿದ್ದ ಒಬ್ಬಿಬ್ಬರು ಟವಲಿನಿಂದ ಬಾಯಿ ಮುಚ್ಚಿಕೊಂಡರು. ಯಾಕೆಂದು ನಾನು ವಿಚಾರಿಸಲಿಲ್ಲ. ಮಣ್ಣಾಯಿತು. ಎಲ್ಲರ ಜೊತೆ ಕೆರೆಯಲ್ಲಿ ಮುಳುಗು ಹಾಕಿದೆ. ಇನ್ನಾದರೂ ಹೊರಡೋಣವೆಂದರೆ ಹನುಮಯ್ಯ, "ಮಣ್ಣಿಗೆ ಬಂದವರು ದೀಪ ನೋಡ್ದೆ ಹೋಗ್ಬಾರ್ದು ಸಾಮಿ" ಎಂದ. ಹೆಣವಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಕೈ ಮುಗಿಯುವ ಶಾಸ್ತ್ರ. ಒದ್ದೆ ಪಂಚೆಯಲ್ಲಿ ನಡುಗುತ್ತಾ ಅದನ್ನೂ ನೋಡಿದೆ. ಆಗ ಹೊನ್ನಮ್ಮನ ಅಳು ಸ್ವಲ್ಪ ತಗ್ಗಿತ್ತು. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ.

"ಹೊನ್ನಮ್ಮಾ, ನನ್ನ ಪೆಟ್ಟಿಗೆ ನಿಮ್ಮನೇಲಿದೆ. ಇವತ್ತೇ ಸಂದರ್ಶನ. ಬಾಗಿಲು ಒಡೆದು ತಗೊಳ್ಳಲಾ?"

ಹೊನ್ನಮ್ಮ ಅಳು ನಿಲ್ಲಿಸಿ ನನ್ನನ್ನೇ ನೋಡಿದಳು.

"ಪೆಟ್ಗೆ ನಮ್ಮನೇಲೆಲ್ಲೈತಪ್ಪಾ? ಸಾವಿನ ಸುದ್ದಿ ಬಂದ್ಮೇಲೆ ಸೂತಕದ ಮನೇಲಿ ಪರಸ್ತಾನದ ಪೆಟ್ಗೆ ಮಡೀಕಳಕಾಯ್ತದಾ? ನಾ ಮುಟ್ಟಂಗೂ ಇಲ್ಲ. ಗಿರಣಿ ರಂಗಣ್ಣನ್ನ ಕರ್ದು, ನೀನೇ ಎತ್ಕಂಡೋಗಪ್ಪ, ಸೀನಪ್ಪ ಬಸ್ಸಿಗೆ ಅಲ್ಲಿಗೇ ಬತ್ತಾನೆ, ಕೊಟ್ಬುಡು ಅಂದೆ. ಇನ್ನೂ ಮೂಡ್ಲಕ್ಕೇ ಹೋಯ್ತಲ್ಲಾ, ಒಳ್ಳೇದೇ ಅಂತ."

ಬಸ್ ನಿಲ್ದಾಣದ ಎದುರೇ ರಂಗಣ್ಣನ ಹಿಟ್ಟಿನ ಗಿರಣಿ. ನಾನು ಪೆಟ್ಟಿಗೆಯ ಆಸೆ ಬಿಟ್ಟು ಸುಮ್ಮನೆ ಬಸ್ಸಿಗೆ ಹೋಗಿದ್ದರೂ ಪೆಟ್ಟಿಗೆ ಕೈಗೆ ಸಿಗುತ್ತಿತ್ತು.

"ನಮ್ಮನೇಲಿ ಒಂದ್ ಮಾತು ಹೇಳ್ಬಾರ್ದಿತ್ತಾ ಹೊನ್ನಮ್ಮಾ?"

"ಹೆಂಗ್ ಬರ್ಲಪ್ಪಾ? ಒಳ್ಳೇ ಕೆಲಸಕ್ಕೆ ಹೊರಡೋನ ಬಾಗ್ಲಿಗೆ ಬೆಳ್ ಬೆಳಗ್ಗೆ ಸಾವಿನ ಸುದ್ದಿ ಹೊತ್ಕಂಡು ಹೆಂಗ್ ಬರ್ಲಿ?"

ಅವಳ ಕಣ್ಣು ಅತ್ತು ಅತ್ತು ಬಾತುಹೋಗಿತ್ತು. ಅಂಥ ಹೊತ್ತಿನಲ್ಲೂ ಅವಳು ನನ್ನ ಪೆಟ್ಟಿಗೆಯ ಮಡಿ ಕಾಪಾಡಿದ್ದಳು. ಎಲ್ಲರೂ ನನಗೆ ಒಳ್ಳೆಯದನ್ನೇ ಮಾಡಿದ್ದರು. ಅದೇ ನನ್ನ ಕಷ್ಟ! ಅವಳ ಮನೆಯ ಬೀಗದೊಳಗೆ ನಾನು ಮುರಿದಿಟ್ಟು ಬಂದಿದ್ದ ತಂತಿಯ ವಿಚಾರವನ್ನು ಆಗ ಎತ್ತಲಿಲ್ಲ.

ಸೈಕಲ್ಲನ್ನು ಹೇಗೆ ತುಳಿದೆನೋ ನೆನಪಿಲ್ಲ. ಗಿರಣಿಯ ಬಾಗಿಲಲ್ಲಿ ರಂಗಣ್ಣ ನನ್ನ ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದ.

"ಎಲ್ಲೋದ್ರಿ ಸ್ವಾಮಿ? ಎಂಟು ಗಂಟೆ ಬಸ್ಸು ನಿಮಗೋಸ್ಕರ ನಿಲ್ಸಿದ್ದೆ! ಕಂಡಕ್ಟರ್ ಹತ್ರ ಬೈಸ್ಕೊಂಡೆ!"

ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಗಿರಣಿಯ ಹಿಂಬದಿಗೆ ನುಗ್ಗಿ ಪ್ಯಾಂಟು, ಕೋಟು, ಟೈ ಏರಿಸಿದೆ. ಅತ್ತ ರಂಗಣ್ಣ ಅಕ್ಕಿ ಬೀಸುತ್ತಿದ್ದ. ತಲೆ ಕೆರೆಯ ನೀರಿನಲ್ಲಿ ಒದ್ದೆ. ಬಾಚಿಕೊಂಡು ಹೊರಗೆ ಬಂದು, ಸೈಕಲ್ಲನ್ನು ಗಿರಣಿಯಲ್ಲೇ ಬಿಟ್ಟು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಒಬ್ಬ ಹುಡುಗಿ ಎದ್ದು, "ಕೂತ್ಕೊಳ್ಳಿ ತಾತ" ಎಂದಳು. ಆಗ ಕಿಟಕಿಯ ಗಾಜಿನಲ್ಲಿ ನೋಡಿಕೊಂಡೆ. ಒದ್ದೆ ಕೂದಲಿಗೆ ಅಕ್ಕಿ ಹಿಟ್ಟು ಮೆತ್ತಿಕೊಂಡು ಒಣಗಿ ತಲೆಯೆಲ್ಲ ನರೆತುಹೋಗಿತ್ತು. ಕೊಡವಿದೆ. ಕರಿ ಕೋಟೂ ನರೆಯಿತು.

ಕಾರ್ಖಾನೆ ತಲುಪಿದಾಗ ಸಂದರ್ಶನ ಮುಗಿದು ಮೂವರು ಅಧಿಕಾರಿಗಳು ಟೀ ಕುಡಿಯುತ್ತಿದ್ದರು. ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕನಿಕರಪಟ್ಟೋ ಏನೋ, ಒಳಗೆ ಬಿಟ್ಟರು. ನಡುವೆ ಕೂತಿದ್ದ ದಪ್ಪ ಕನ್ನಡಕದ ಅಧಿಕಾರಿ ಮುಂದಿದ್ದ ಕಾಗದ ನೋಡಿದರು, ನನ್ನ ತಲೆ ನೋಡಿದರು.

"ಇಲ್ಲಿ ಇಪ್ಪತ್ಮೂರು ವರ್ಷ ಅಂತ ಬರೆದಿದೆಯಲ್ಲಾ?"

"ಹಿಟ್ಟು ಸಾರ್."

"ಏನು?"

ಸುಳ್ಳು ಹೇಳುವ ತ್ರಾಣವೂ ನನಗಿರಲಿಲ್ಲ. ಶೂಲ, ಪ್ರಸ್ಥಾನ, ಹೊನ್ನಮ್ಮ, ಹೇರೋಹಳ್ಳಿ, ಗಿರಣಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಟೀ ಲೋಟಗಳು ಅರ್ಧದಲ್ಲೇ ನಿಂತವು.

"ಹಾಗಾದರೆ ನಿಮ್ಮ ಪೆಟ್ಟಿಗೆ ನಿನ್ನೆಯೇ ಹೊರಟಿದೆ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಸ್ ನಿಲ್ದಾಣಕ್ಕೂ ಬಂದಿದೆ. ಅದ್ಭುತ! ಅದು ಬಿ.ಇ. ಓದಿದ್ದಿದ್ದರೆ ಅದಕ್ಕೇ ಕೆಲಸ ಕೊಡಬಹುದಿತ್ತು."

"ಡಿಗ್ರಿನೂ ಅದರೊಳಗೇ ಇತ್ತು ಸಾರ್" ಎಂದೆ.

ಮೂವರೂ ಜೋರಾಗಿ ನಕ್ಕರು. ನಕ್ಕ ಮೇಲೆ ಒಬ್ಬರಿಗೆ ನನ್ನ ಮೇಲೆ ದಯೆ ಬಂದಿರಬೇಕು. "ಇರಲಿ, ಒಂದು ಸುಲಭದ ಪ್ರಶ್ನೆ ಕೇಳ್ತೀನಿ. ಎರಡೂ ತುದಿಗೆ ಆಸರೆಯಿರುವ ಒಂದು ತೊಲೆ. ಸರಿಯಾಗಿ ಮಧ್ಯದಲ್ಲಿ ಭಾರ ಬಿತ್ತು. ಏನಾಗುತ್ತೆ?"

ಸೂತ್ರ ಹೇಳಬೇಕಿತ್ತು. ಕಾಲೇಜಿನಲ್ಲಿ ನಿದ್ದೆಗಣ್ಣಿನಲ್ಲಿ ಎಬ್ಬಿಸಿದರೂ ಹೇಳುತ್ತಿದ್ದೆ.

"ಮುರಿಯುತ್ತೆ ಸಾರ್" ಎಂದೆ.

ಜಾಗಗಳು ಮಧ್ಯಾಹ್ನವೇ ಭರ್ತಿಯಾಗಿದ್ದವೆಂದು ಅವರು ಆಮೇಲೆ ತಿಳಿಸಿದರು. ಅದನ್ನು ಸೌಜನ್ಯದಿಂದಲೇ ಹೇಳಿದರು.

ಗಿರಣಿಯಿಂದ ಸೈಕಲ್ ತೆಗೆದುಕೊಂಡು ಮನೆಗೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಸಾವಿನ ಮನೆಯಿಂದ ಬಂದವನೆಂದು ಅಮ್ಮ ನನ್ನನ್ನು ಒಳಗೆ ಬಿಡದೆ ಹಿತ್ತಲಿಗೆ ಕಳಿಸಿ, ಬಾವಿಕಟ್ಟೆಯ ಮೇಲೆ ಕೂರಿಸಿ ಕೊಡಗಟ್ಟಲೆ ನೀರು ಸುರಿದಳು. ಸುರಿಯುತ್ತಲೇ ಎಲ್ಲ ಕೇಳಿಸಿಕೊಂಡಳು.

"ಪರಸ್ತಾನ ಇಟ್ಟಿದ್ದಕ್ಕೆ ಇಷ್ಟಕ್ಕೇ ಹೋಯ್ತು ಕಣೋ. ಇಲ್ದಿದ್ರೆ ಇನ್ನೇನಾಗ್ತಿತ್ತೋ!"

ನೀರಿಗೆ ತಲೆ ಕೊಟ್ಟು ಕೂತೆ. ಅಪ್ಪ ಹಿತ್ತಲ ಬಾಗಿಲಲ್ಲಿ ಬಂದು ನಿಂತಿದ್ದರು. ರಜೆ ಹಾಕಿ ದಿನವೆಲ್ಲ ಬೀದಿ ನೋಡಿದ ಮುಖ. ಕ್ಷೌರ ಮಾಡಿಸಿಕೊಂಡು ಬಿಳಿ ಶರಟು ಹಾಕಿಕೊಂಡಿದ್ದರು. ಆ ಶರಟು ನೋಡಿದ ಮೇಲೆ ನನಗೆ ತಲೆ ಎತ್ತಲಾಗಲಿಲ್ಲ.

"ಆಗ್ಲಿಲ್ಲ ಅಪ್ಪ" ಎಂದೆ.

"ಚಳಿ ಆಗತ್ತೆ. ತಲೆ ಒರೆಸ್ಕೋ" ಎಂದರು. ಬೇರೆ ಏನೂ ಕೇಳಲಿಲ್ಲ. ಕೇಳಿದ್ದರೆ, ಬೈದಿದ್ದರೆ, ಎಷ್ಟೋ ಹಗುರಾಗುತ್ತಿತ್ತು.

ಮುಂದೆ ನನಗೂ ಒಂದು ಕೆಲಸ ಸಿಕ್ಕಿತು. ಆದರೆ ಬಹಳ ತಡವಾಗಿ ಸಿಕ್ಕಿತು. ಅದನ್ನು ಹೇಳಿಕೊಳ್ಳುವ ಉತ್ಸಾಹ ನನಗಿಲ್ಲ.

ಮಂಗಳವಾರ ಬೆಳಿಗ್ಗೆ ಮಿಲ್ಲಿನ ಕೂಗು ಕೇಳಿ ಎಚ್ಚರವಾಯಿತು. ಅಪ್ಪ ಆಗಲೇ ಎದ್ದು, ಬುತ್ತಿ ಕಟ್ಟಿಸಿಕೊಂಡು, ಸೈಕಲ್ಲಿಗೆ ಮೆತ್ತಿದ್ದ ಹೇರೋಹಳ್ಳಿಯ ಕೆಸರನ್ನು ಬಟ್ಟೆಯಿಂದ ಒರೆಸುತ್ತಿದ್ದರು. ನಡುನಡುವೆ ಕೆಮ್ಮು ಬಂದಾಗ ಸೀಟು ಹಿಡಿದುಕೊಂಡು ನಿಲ್ಲುತ್ತಿದ್ದರು. ಅಂದು ಯಾವ ದಿಕ್ಕಿಗೆ ಶೂಲವೋ ಅಮ್ಮ ನೋಡಲಿಲ್ಲ, ತುಂಬಿದ ಕೊಡ ಹಿಡಿದು ಎದುರಿಗೂ ಬರಲಿಲ್ಲ. ಇಷ್ಟು ವರ್ಷ ಮಿಲ್ಲಿಗೆ ಹೋದ ಅಪ್ಪನಿಗಾಗಿ ನಮ್ಮ ಮನೆಯಲ್ಲಿ ಯಾರೂ ಒಂದು ದಿನವೂ ಪ್ರಸ್ಥಾನ ಇಟ್ಟದ್ದಿಲ್ಲ ಎಂಬುದು ನನಗೆ ಅಂದು ಹೊಳೆಯಿತು.

ನಾನು ಎದ್ದು ಹೋಗಿ ಗೇಟು ತೆರೆದು ಹಿಡಿದೆ. ಅಪ್ಪ ಸೈಕಲ್ ತಳ್ಳಿಕೊಂಡು ಹೊರಗೆ ಹೋದರು. ಗೇಟು ಹಾಕಿದೆ. ಬಿ.ಇ. ಮೆಕ್ಯಾನಿಕಲ್. ಗೇಟು ಹಾಕುವ ಕೆಲಸವೊಂದನ್ನು ಮಾತ್ರ ನಾನು ಕೆಡಿಸದೆ ಮಾಡಿದೆ.